ಹಾಲಿನಲ್ಲಿ ಸೋತ ಎಣ್ಣೆ

ಓಂಕಾಳಿನ ಎಣ್ಣೆಯ ಪರವಾಗಿ ಮೊದಲು ಜಗಳವಾಡಿದವಳು ನಾನೇ. ಆಮೇಲೆ ಅದಕ್ಕೆ ಅಡ್ಡಗಾಲು ಹಾಕಿದವಳೂ ನಾನೇ ಎಂದು ನಮ್ಮ ವಲಯದಲ್ಲಿ ಕೆಲವರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಓದಿದವರು ತೀರ್ಮಾನ ಮಾಡಿಕೊಳ್ಳಲಿ.

ನಾನು ಕೆಲಸ ಮಾಡುವುದು ಚೆನ್ನೈನ ಮಾಧವರಂ ಕಡೆಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ. ದನಕರುಗಳ ಹಾಲು, ರಕ್ತ, ಸಗಣಿಯ ಸ್ಯಾಂಪಲ್‌ಗಳು ನಮ್ಮಲ್ಲಿಗೆ ಬರುತ್ತವೆ. ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ವಿಭಾಗ ನನ್ನದು. ಚೆನ್ನೈ ಎಂದರೆ ಸಮುದ್ರ ಮತ್ತು ಸಿನಿಮಾ ಎಂದುಕೊಂಡಿರುವ ನಂಜನಗೂಡಿನ ನನ್ನ ಬಂಧುಗಳಿಗೆ ಈ ಊರಿನೊಳಗೆ ಎಷ್ಟು ಹಸುಗಳಿವೆ ಎಂದರೆ ನಂಬಿಕೆ ಬರುವುದಿಲ್ಲ. ಬೀದಿಯ ಹಿಂದೆ ಬೀದಿ, ತಗಡಿನ ಸೂರಿನ ಕೊಟ್ಟಿಗೆಗಳು. ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದ ಹೂಕೋಸಿನ ಎಲೆ, ಬಾಳೆದಿಂಡು, ಜೋಳದ ಸಿಪ್ಪೆ ಬೆಳಗಿನ ಟೆಂಪೋದಲ್ಲಿ ಬಂದು ಆ ಕೊಟ್ಟಿಗೆಗಳ ಮುಂದೆ ಬೀಳುತ್ತದೆ.

ಅಲ್ಲಿಂದ ನಮಗೆ ಬರುತ್ತಿದ್ದ ದೂರು ಬಹುತೇಕ ಒಂದೇ: ಕೆಚ್ಚಲು ಬಾವು. ಕೆಚ್ಚಲು ಊದಿ, ಬಿಸಿಯಾಗಿ, ಹಾಲಿನಲ್ಲಿ ಮೊಸರಿನಂಥ ಗಂಟುಗಳು ಬರುತ್ತವೆ. ಆ ಹಾಲಿನಲ್ಲಿರುವುದನ್ನು ತಟ್ಟೆಯಲ್ಲಿ ಬೆಳೆಸಿ ನೋಡಿದರೆ ಹೊಂಬಣ್ಣದ ಚುಕ್ಕೆಗಳಾಗಿ ಕಾಣಿಸಿಕೊಳ್ಳುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾವೇ ಹೆಚ್ಚು. ಯಾವ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ಹೇಳುವುದು ನಮ್ಮ ಕೆಲಸ. ವರ್ಷ ಕಳೆದ ಹಾಗೆ ನಮ್ಮ ವರದಿಯಲ್ಲಿ 'ಕೆಲಸ ಮಾಡುವುದಿಲ್ಲ' ಎಂಬ ಸಾಲುಗಳು ಉದ್ದವಾಗುತ್ತ ಹೋದವು. ಇನ್ನೊಂದು ತೊಂದರೆ ಯಾವ ವರದಿಯಲ್ಲೂ ಇರುತ್ತಿರಲಿಲ್ಲ. ಮದ್ದು ಕೊಟ್ಟ ಹಸುವಿನ ಹಾಲನ್ನು ಕೆಲವು ದಿನ ಚೆಲ್ಲಬೇಕು. ನಾಲ್ಕೈದು ಹಸು ಕಟ್ಟಿಕೊಂಡವರು ಚೆಲ್ಲುತ್ತಾರೆಯೇ? ಆ ಹಾಲು ಯಾರದೋ ಕಾಫಿಗೆ ಸೇರುತ್ತದೆ.

ಹಾಗಾಗಿ ವರ್ಷದ ಯೋಜನೆಗಳನ್ನು ಚರ್ಚಿಸುವ ಸಭೆಯಲ್ಲಿ ನಾನು ಸಸ್ಯತೈಲಗಳ ಪ್ರಸ್ತಾಪ ಇಟ್ಟೆ. ಓಂಕಾಳು, ಲವಂಗ, ಮಜ್ಜಿಗೆಹುಲ್ಲು, ಈ ಮೂರರಿಂದ ಬಟ್ಟಿ ಇಳಿಸಿದ ಎಣ್ಣೆಗಳನ್ನು ನಮ್ಮ ಕೊಟ್ಟಿಗೆಗಳದೇ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಬೇಕು ಎಂದೆ. ಹೊರಗಿನಿಂದ ಬಂದಿದ್ದ ಒಬ್ಬ ತಜ್ಞರು ನಕ್ಕರು. ಈಯಮ್ಮ ಒಗ್ಗರಣೆ ಡಬ್ಬಿ ಹಿಡಿದುಕೊಂಡು ಲ್ಯಾಬಿಗೆ ಬಂದಿದ್ದಾರೆ ಎಂಬ ಅರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಮದ್ದು ಯಾವ ಡಬ್ಬಿಯಲ್ಲಿತ್ತು ಎಂದು ಬ್ಯಾಕ್ಟೀರಿಯಾ ಕೇಳುವುದಿಲ್ಲ, ಸಾಯುತ್ತದೋ ಇಲ್ಲವೋ ಅಷ್ಟೇ, ಅದನ್ನು ನೋಡೋಣ ಎಂದೆ ನಾನು. ನಮ್ಮ ನಿರ್ದೇಶಕರು ಮೇಜಿನ ಮೇಲಿನ ಪೆನ್ನನ್ನು ತಿರುಗಿಸುತ್ತ ಕೂತಿದ್ದು ಕೊನೆಗೆ ಒಪ್ಪಿದರು.

ನಿರ್ದೇಶಕರ ಮನೆತನ ಮದ್ರಾಸಿಗೆ ಬಂದು ಎಷ್ಟೋ ತಲೆಮಾರಾಗಿದೆ. ಮನೆಮಾತು ಕನ್ನಡ. ಆದರೆ ಆ ಕನ್ನಡ ಅರ್ಧ ದಾರಿ ತಮಿಳಿನ ಕೈಹಿಡಿದು ನಡೆಯುತ್ತದೆ. ನನ್ನೊಡನೆ ಮಾತ್ರ ಅವರು ಕನ್ನಡ ಆಡುತ್ತಿದ್ದರು. ಲ್ಯಾಬಿನಲ್ಲಿ ಮಿಕ್ಕವರಿಗೆ ಅದು ತಿಳಿಯುತ್ತಿರಲಿಲ್ಲವಾದ್ದರಿಂದ, ಬೇರೆಯವರೆದುರು ಹೇಳಲಾಗದ್ದನ್ನು ನನಗೆ ಹೇಳಲೂ ಅದೇ ದಾರಿಯಾಗಿತ್ತು.

ಮೊದಲ ಕೆಲಸ ಸ್ಯಾಂಪಲ್. ಕೊಟ್ಟಿಗೆಗೆ ಹೋಗಿ, ಮೊಲೆತೊಟ್ಟನ್ನು ತೊಳೆದು ಒರೆಸಿ, ಸ್ಪಿರಿಟ್ ಹತ್ತಿಯಿಂದ ತುದಿಯನ್ನು ಉಜ್ಜಿ, ಮೊದಲ ಒಂದೆರಡು ಧಾರೆಯನ್ನು ಬಿಟ್ಟು, ಆಮೇಲಿನ ಹಾಲನ್ನು ಕ್ರಿಮಿಶುದ್ಧ ಮಾಡಿದ ಕೊಳವೆಗೆ ಓರೆಯಾಗಿ ಹಿಡಿಯಬೇಕು. ಕೊಳವೆಯ ಬಾಯಿಗೆ ಕೈ ತಗುಲಿದರೆ ನಮ್ಮ ಚರ್ಮದ ಬ್ಯಾಕ್ಟೀರಿಯಾ ಹಸುವಿನ ಲೆಕ್ಕಕ್ಕೆ ಸೇರುತ್ತದೆ. ಹಸು ಕಾಲು ಝಾಡಿಸಿದರೆ ಎಲ್ಲ ಮತ್ತೆ ಮೊದಲಿನಿಂದ. ಈ ಕೆಲಸದಲ್ಲಿ ನನಗೆ ಹತ್ತಿರವಾದವರು ಒಂದು ಕೊಟ್ಟಿಗೆಯ ಒಡತಿ. ನನಗಿಂತ ಹಿರಿಯರು, ಗಂಡ ತೀರಿದ ಮೇಲೆ ಹಸುಗಳನ್ನು ಒಬ್ಬರೇ ನೋಡಿಕೊಂಡವರು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ. ನಾನು ಪಶುವೈದ್ಯೆಯಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ನನ್ನನ್ನು ಡಾಕ್ಟರಮ್ಮ ಎನ್ನುವುದನ್ನು ಬಿಡಲಿಲ್ಲ. ಅವರ ಕೊಟ್ಟಿಗೆಯಲ್ಲಿ ಹೆಚ್ಚು ಹಾಲು ಕೊಡುತ್ತಿದ್ದ ಹಸುವಿನ ಹೆಸರು ಸೆಲ್ವಿ. ನಾನು ಹೋದಾಗಲೆಲ್ಲ ಅಕ್ಕ ಸೆಲ್ವಿಯ ಕೊರಳು ತುರಿಸುತ್ತ ನಿಲ್ಲುತ್ತಿದ್ದರು, ಅದು ಅಲುಗಾಡುತ್ತಿರಲಿಲ್ಲ.

ಲ್ಯಾಬಿನಲ್ಲಿ ಸಣ್ಣ ಗುಳಿಗಳ ಪ್ಲಾಸ್ಟಿಕ್ ಫಲಕದಲ್ಲಿ ಕೆಲಸ ಶುರುವಾಯಿತು. ಪ್ರತಿ ಗುಳಿಯಲ್ಲೂ ಬ್ಯಾಕ್ಟೀರಿಯಾಕ್ಕೆ ಬೇಕಾದ ಪೋಷಕ ಸಾರು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಾದ್ದರಿಂದ ಅದನ್ನು ಬೆರೆಸುವ ಒಂದು ದ್ರವ. ಮೊದಲ ಗುಳಿಯಲ್ಲಿ ಎಣ್ಣೆ ಹೆಚ್ಚು, ಮುಂದಿನದರಲ್ಲಿ ಅದರ ಅರ್ಧ, ಅದರ ಮುಂದೆ ಇನ್ನೂ ಅರ್ಧ. ಕೊನೆಗೆ ಒಂದು ತೊಟ್ಟು ನೀಲಿ ಬಣ್ಣ. ಬ್ಯಾಕ್ಟೀರಿಯಾ ಬದುಕಿದ್ದರೆ ನೀಲಿ ಗುಲಾಬಿಯಾಗುತ್ತದೆ, ಸತ್ತಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಎಣ್ಣೆಯೇ ಹಾಕದ ಕೆಲವು ಗುಳಿಗಳೂ ಇರಬೇಕು. ಅವು ಗುಲಾಬಿಯಾಗಲೇಬೇಕು, ಆಗಲೇ ಪರೀಕ್ಷೆ ಸರಿಯಿದೆ ಎಂದು ಅರ್ಥ.

ಮೊದಲ ಫಲಕ ತೆಗೆದಾಗ ಉದ್ದಕ್ಕೂ ನೀಲಿ. ಎಣ್ಣೆ ಹಾಕದ ಗುಳಿಗಳೂ ನೀಲಿ. ಬ್ಯಾಕ್ಟೀರಿಯಾ ಹಳೆಯದಾಗಿ ಸತ್ತಿರಬೇಕೆಂದು ಹೊಸದಾಗಿ ಬೆಳೆಸಿ ಮತ್ತೆ ಮಾಡಿದೆ. ಮತ್ತೆ ನೀಲಿ. ಸಾರನ್ನು ಬದಲಿಸಿದೆ, ಬಣ್ಣದ ಬಾಟಲಿ ಬದಲಿಸಿದೆ. ಹೀಗೆ ವಾರಗಳು ಹೋದವು. ಒಂದು ಬೆಳಿಗ್ಗೆ ಫಲಕದ ಮುಚ್ಚಳ ಎತ್ತಿದಾಗ ಓಂಕಾಳಿನ ಘಾಟು ಕಣ್ಣಿಗೇ ಹೊಡೆಯಿತು. ಕಣ್ಣೊರೆಸಿಕೊಳ್ಳುತ್ತ ನಿಂತವಳಿಗೆ ಆಗ ಹೊಳೆಯಿತು. ಎಣ್ಣೆ ತನ್ನ ಗುಳಿಯಲ್ಲಿ ಕೂತಿರಲಿಲ್ಲ. ಆವಿಯಾಗಿ ಮುಚ್ಚಳದಡಿಯಲ್ಲಿ ಹರಡಿ ಪಕ್ಕದ ಗುಳಿಗಳ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿತ್ತು. ಎಣ್ಣೆ ಹಾಕದ ಗುಳಿಗಳನ್ನು ಬೇರೆ ಫಲಕಕ್ಕೆ ಒಯ್ದೆ. ಮರುದಿನ ಅವು ಗುಲಾಬಿಯಾಗಿದ್ದವು. ಅಲ್ಲಿಯವರೆಗಿನ ಅಂಕಿಗಳನ್ನೆಲ್ಲ ತೆಗೆದುಹಾಕಿ, ಪ್ರತಿ ಎಣ್ಣೆಗೂ ಬೇರೆ ಫಲಕ ಇಟ್ಟು, ಅಂಟುಹಾಳೆಯಿಂದ ಬಿಗಿಯಾಗಿ ಮುಚ್ಚಿ, ಇಡೀ ಕೆಲಸವನ್ನು ಮತ್ತೆ ಮಾಡಿದೆ.

ಈ ಸಲ ಬಂದ ಫಲಿತಾಂಶ ನಂಬುವಂಥದ್ದು. ಮೂರರಲ್ಲಿ ಓಂಕಾಳಿನ ಎಣ್ಣೆ ಎಲ್ಲಕ್ಕಿಂತ ಮುಂದೆ. ಪೆನ್ಸಿಲಿನ್ನಿಗೆ ಜಗ್ಗದ ಬ್ಯಾಕ್ಟೀರಿಯಾ ತೀರ ಕಡಿಮೆ ಎಣ್ಣೆಗೂ ಸತ್ತಿತ್ತು. ಬ್ಯಾಕ್ಟೀರಿಯಾ ಹರಡಿದ ಅಗಾರ್ ತಟ್ಟೆಯ ಮೇಲೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟರೆ ಅದರ ಸುತ್ತ ಏನೂ ಬೆಳೆಯದ ಅಗಲವಾದ ತಿಳಿ ವೃತ್ತ. ನಿರ್ದೇಶಕರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ರೊಂಬ ಪ್ರಮಾದವಾಗಿದೆ ಅಮ್ಮಾ" ಎಂದರು.

ನಾನು ಹೊಸದಾಗಿ ಸೇರಿದ್ದಾಗ ಅವರು ಹೀಗೆಂದರೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಕಡೆ ಪ್ರಮಾದ ಎಂದರೆ ತಪ್ಪು, ಅನಾಹುತ. ತಮಿಳಿನಲ್ಲಿ ಅದು ಭೇಷ್ ಎಂಬ ಮಾತು. ಆ ದಿನ ನಾನು ನಗುತ್ತ ತಟ್ಟೆ ಇಸಿದುಕೊಂಡೆ.

ಆ ವೃತ್ತದ ಫೋಟೋ ಹೇಗೋ ಒಂದು ಕಂಪನಿಗೆ ತಲುಪಿತು. ಪಶುಗಳಿಗೆ ಗಿಡಮೂಲಿಕೆ ಔಷಧ ಮಾಡುವ ಕಂಪನಿ, ಕಚೇರಿ ನುಂಗಂಬಾಕ್ಕಂನಲ್ಲಿ. ಅದರ ಮುಖ್ಯಸ್ಥರು ಲ್ಯಾಬಿಗೆ ಬಂದು, ಎಣ್ಣೆಯನ್ನು ಮೊನಚು ಮೂತಿಯ ಸಣ್ಣ ಟ್ಯೂಬಿನಲ್ಲಿ ತುಂಬಿ ಮೊಲೆತೊಟ್ಟಿನ ರಂಧ್ರದ ಮೂಲಕ ಕೆಚ್ಚಲೊಳಗೇ ಬಿಡುವ ಯೋಜನೆ ಹೇಳಿದರು. ಆ್ಯಂಟಿಬಯಾಟಿಕ್ ಬೇಡ, ಹಾಲು ಚೆಲ್ಲುವುದೂ ಬೇಡ. ನಾನು ಬಯಸಿದ್ದೂ ಅದನ್ನೇ. ಒಪ್ಪಂದವಾಯಿತು, ಗುಟ್ಟು ಕಾಪಾಡುವ ಕರಾರಿಗೆ ನಾನೂ ಸಹಿ ಹಾಕಿದೆ.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ದಿನ ನಾವು ಬ್ಯಾಕ್ಟೀರಿಯಾವನ್ನು ಕೊಂದದ್ದು ಸಾರಿನಲ್ಲಿ. ಕೆಚ್ಚಲೊಳಗೆ ಇರುವುದು ಹಾಲು. ಹಾಲಿನಲ್ಲೂ ಪರೀಕ್ಷಿಸಬೇಕು ಎಂದು ನಿರ್ದೇಶಕರನ್ನು ಕೇಳಿದೆ. ಒಪ್ಪಂದದಲ್ಲಿ ಅದು ಇಲ್ಲ, ಅವರು ಕೇಳಿದ್ದು ತಟ್ಟೆ ಮತ್ತು ಫಲಕದ ವರದಿ ಮಾತ್ರ ಎಂದರು. ಒಪ್ಪಂದದಲ್ಲಿ ಬೇಡ ಎಂದೂ ಇಲ್ಲವಲ್ಲ ಎಂದುಕೊಂಡು ನಾನು ಪರೀಕ್ಷೆ ಮಾಡಿದೆ.

ಮೂರು ಸೀಸೆ ಇಟ್ಟೆ. ಒಂದರಲ್ಲಿ ಸಾರು, ಒಂದರಲ್ಲಿ ಕೆನೆ ತೆಗೆದ ಹಾಲು, ಒಂದರಲ್ಲಿ ಕೆನೆ ಸಹಿತದ ಹಾಲು. ಮೂರನ್ನೂ ಮೊದಲೇ ಕ್ರಿಮಿಶುದ್ಧ ಮಾಡಿ, ಮೂರಕ್ಕೂ ಅಷ್ಟಷ್ಟೇ ಬ್ಯಾಕ್ಟೀರಿಯಾ, ಅಷ್ಟಷ್ಟೇ ಓಂಕಾಳಿನ ಎಣ್ಣೆ ಸೇರಿಸಿ ಹಸುವಿನ ಮೈಯ ಬಿಸಿಯಲ್ಲಿ ಇರಿಸಿದೆ. ಹಾಲು ಬೆಳ್ಳಗಿರುವುದರಿಂದ ಅದು ಬ್ಯಾಕ್ಟೀರಿಯಾ ಬೆಳೆದು ಕದಡಿದೆಯೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಆಗಾಗ ಒಂದಿಷ್ಟು ತೆಗೆದು, ನೀರಿನಲ್ಲಿ ತೆಳುಮಾಡಿ, ತಟ್ಟೆಯ ಮೇಲೆ ಹರಡಿ, ಮರುದಿನ ಮೂಡಿದ ಚುಕ್ಕೆಗಳನ್ನು ಎಣಿಸಬೇಕು.

ಸಾರಿನ ತಟ್ಟೆ ಖಾಲಿ. ಕೆನೆ ತೆಗೆದ ಹಾಲಿನದರಲ್ಲಿ ಅಲ್ಲಲ್ಲಿ ಚುಕ್ಕೆ. ಕೆನೆ ಸಹಿತದ ಹಾಲಿನ ತಟ್ಟೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಹೊಂಬಣ್ಣದ ಬ್ಯಾಕ್ಟೀರಿಯಾ. ಹೋಲಿಕೆಗೆಂದು ಬೇರೆ ಇಟ್ಟಿದ್ದ, ಎಣ್ಣೆಯೇ ಹಾಕದ ಹಾಲಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಬೇರೆ ಹಸುಗಳ ಬ್ಯಾಕ್ಟೀರಿಯಾ ತೆಗೆದುಕೊಂಡು ಮತ್ತೆ ಮಾಡಿದೆ. ಲವಂಗದ ಎಣ್ಣೆಯಿಂದ ಮಾಡಿದೆ. ಮಜ್ಜಿಗೆಹುಲ್ಲಿನದರಿಂದ ಮಾಡಿದೆ. ಎಲ್ಲದರದೂ ಅದೇ ಪಾಡು. ಕಾರಣ ತಿಳಿದ ಮೇಲೆ ಸರಳವಾಗಿಯೇ ಇತ್ತು. ಬ್ಯಾಕ್ಟೀರಿಯಾ ಇರುವುದು ಹಾಲಿನ ನೀರಿನಂಶದಲ್ಲಿ. ಎಣ್ಣೆಯಾದರೋ ಜಿಡ್ಡು ಕಂಡಕೂಡಲೇ ಬೆಣ್ಣೆಯ ಮನೆಗೆ ನೆಂಟನಾಗಿ ಹೋಗಿ ಕೂತುಬಿಡುತ್ತಿತ್ತು. ಉಳಿದದ್ದನ್ನು ಹಾಲಿನ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತಿತ್ತು. ಎಣ್ಣೆಗೂ ಬ್ಯಾಕ್ಟೀರಿಯಾಕ್ಕೂ ಭೇಟಿಯೇ ಆಗುತ್ತಿರಲಿಲ್ಲ. ಎಣ್ಣೆಯನ್ನು ಬಹಳ ಪಟ್ಟು ಹೆಚ್ಚಿಸಿದಾಗ ಬ್ಯಾಕ್ಟೀರಿಯಾ ಸತ್ತಿತು. ಅಷ್ಟು ಎಣ್ಣೆಯನ್ನು ಕೆಚ್ಚಲೊಳಗೆ ಬಿಡಬಹುದೇ ಎಂದು ಕೊಟ್ಟಿಗೆಗಳಿಗೆ ಹೋಗುವ ಪಶುವೈದ್ಯರನ್ನು ವಿಚಾರಿಸಿದೆ. ಒಳಗಿನ ಮೃದು ಭಾಗವೆಲ್ಲ ಸುಟ್ಟುಹೋಗುತ್ತದೆ, ಅದು ಮದ್ದಲ್ಲ ಶಿಕ್ಷೆ ಎಂದರು.

ನನಗೆ ದುಃಖವಾಯಿತು. ಎರಡು ವರ್ಷದ ಕೆಲಸ, ನಾನೇ ಹಟ ಹಿಡಿದು ತಂದ ಕೆಲಸ. ಆದರೂ ವರದಿಯ ಕೊನೆಯಲ್ಲಿ ಹಾಲಿನ ಪರೀಕ್ಷೆಯ ಎರಡು ಪುಟ ಸೇರಿಸಿ, ಕೆಚ್ಚಲೊಳಗೆ ಬಿಡಲು ಇದು ತಕ್ಕದ್ದಲ್ಲ ಎಂದು ಬರೆದು ನಿರ್ದೇಶಕರ ಮೇಜಿನ ಮೇಲಿಟ್ಟೆ. ಅವರು ಓದಿ, ಮೇಜಿನ ಖಾನೆಯೊಳಗೆ ಹಾಕಿದರು.

ಆ ವರದಿ ಖಾನೆಯಲ್ಲಿದ್ದಾಗಲೇ ನಾನು ಹೊಸ ಸ್ಯಾಂಪಲ್ ತರಲು ಅಕ್ಕನ ಕೊಟ್ಟಿಗೆಗೆ ಹೋದೆ. ಸೆಲ್ವಿ ತಲೆ ತಗ್ಗಿಸಿ ನಿಂತಿತ್ತು, ಮುಂದಿದ್ದ ಸೊಪ್ಪನ್ನು ಮೂಸಿಯೂ ನೋಡಿರಲಿಲ್ಲ. ಕೆಚ್ಚಲಿನ ಹಿಂದಿನ ಬಲಭಾಗ ಕಲ್ಲಿನಂತೆ ಗಟ್ಟಿ. ಮುಟ್ಟಿದರೆ ಕಾಲೆತ್ತಿತು. ಅಕ್ಕ ಗೂಡಿನಿಂದ ಒಂದು ಖಾಲಿ ಟ್ಯೂಬು ತಂದು ನನ್ನ ಕೈಗಿಟ್ಟರು.

"ಉಂಗ ಮರುಂದು ತಾನೇ, ಡಾಕ್ಟರಮ್ಮ?" ಎಂದರು. ನಿಮ್ಮದೇ ಮದ್ದಲ್ಲವಾ ಎಂದು.

ಮೂಸಿದೆ. ಓಂಕಾಳಿನ ವಾಸನೆ. ಕೂತು ಕೇಳಿದಾಗ ಎಲ್ಲ ಹೊರಬಂತು. ಕಂಪನಿಯವರು ವರದಿ ಕೈಗೆ ಬರುವ ಮೊದಲೇ ಬೀದಿಯ ಕೊಟ್ಟಿಗೆಗಳಿಗೆ ಮಾದರಿ ಟ್ಯೂಬು ಹಂಚಿದ್ದರು. ನಮ್ಮ ಲ್ಯಾಬಿನ ಹೆಸರು ಹೇಳಿದ್ದರು, ಹಾಲು ಹಿಡಿಯಲು ಬರುವ ಆ ಕನ್ನಡದ ಡಾಕ್ಟರಮ್ಮನೇ ಕಂಡುಹಿಡಿದದ್ದು ಎಂದೂ ಹೇಳಿದ್ದರು. ಸೆಲ್ವಿಗೆ ಬಾವು ಶುರುವಾದಾಗ ಪಶುವೈದ್ಯರು ಇಂಜೆಕ್ಷನ್ ಆರಂಭಿಸಿದ್ದರು. ಟ್ಯೂಬು ಕೊಟ್ಟವನು ಇನ್ನು ಅದು ಬೇಕಾಗಿಲ್ಲ ಎಂದಿದ್ದ. ನನ್ನ ಹೆಸರಿತ್ತೆಂದು ಅಕ್ಕ ನಂಬಿ ಇಂಜೆಕ್ಷನ್ ನಿಲ್ಲಿಸಿದ್ದರು.

ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕು ತೊಟ್ಟಿನ ಹಾಲು ಹಿಂಡಿ ಬಾವು ಪತ್ತೆಮಾಡುವ ದ್ರವ ಹಾಕಿ ತಿರುಗಿಸಿದೆ. ಮೂರರಲ್ಲಿ ಹಾಲು ಹಾಲಾಗಿಯೇ ಇತ್ತು. ನಾಲ್ಕನೆಯದು ಲೋಳೆಗಟ್ಟಿ ಬಟ್ಟಲಿಗೆ ಅಂಟಿಕೊಂಡಿತು, ಬಾವು ಜೋರಾಗಿದೆ ಎಂಬುದರ ಗುರುತು.

ಆ ಕ್ಷಣ ನನ್ನ ಮುಂದೆ ಎರಡು ದಾರಿ ಇದ್ದವು. ಲ್ಯಾಬಿಗೆ ಹೋಗಿ ನಿರ್ದೇಶಕರಿಗೆ ಹೇಳಿ, ಅವರು ಕಂಪನಿಗೆ ಹೇಳಿ, ಅವರು ಏನು ಮಾಡುತ್ತಾರೋ ಕಾಯುವುದು. ಕರಾರಿನ ಪ್ರಕಾರ ಅದೇ ಸರಿಯಾದ ದಾರಿ. ನಾನು ಅಲ್ಲೇ ಗೊಬ್ಬರದ ಪಕ್ಕ ನಿಂತು ಪಶುವೈದ್ಯರಿಗೆ ಫೋನ್ ಮಾಡಿ ತಕ್ಷಣ ಬರಲು ಕೇಳಿಕೊಂಡೆ. ಅಕ್ಕನಿಗೆ, ಈ ಮದ್ದು ಹಾಲಿನಲ್ಲಿ ಕೆಲಸ ಮಾಡುವುದಿಲ್ಲ, ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ, ಇನ್ನು ಯಾವ ಹಸುವಿಗೂ ಬಿಡಬೇಡಿ ಎಂದು ನನಗೆ ಬಂದಷ್ಟು ತಮಿಳಿನಲ್ಲಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಹಾಗಿದ್ದರೆ ಮೊದಲೇ ಏಕೆ ಬಂದು ಹೇಳಲಿಲ್ಲ ಎಂದು ಕೇಳಿದರು. ಹಂಚಿದ್ದು ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಆ ನಿಜದಿಂದ ಸೆಲ್ವಿಗೆ ಏನೂ ಉಪಯೋಗವಾಗುವಂತಿರಲಿಲ್ಲ.

ಪಶುವೈದ್ಯರು ಬಂದ ಮೇಲೆ ನಾನು ಆ ಬೀದಿಯ ಪ್ರತಿ ಕೊಟ್ಟಿಗೆಗೂ ಹೋದೆ. ಟ್ಯೂಬು ಇದೆಯೇ ಎಂದು ಕೇಳಿ, ಇದ್ದವರಿಗೆ ಅದನ್ನೇ ಹೇಳಿದೆ. ಕೆಲವರು ಟ್ಯೂಬು ಎಸೆದರು. ಒಬ್ಬರು ನನ್ನನ್ನು ಬೇರೆ ಕಂಪನಿಯ ಕಡೆಯವಳೆಂದು ಬೈದು ಕಳಿಸಿದರು. ಸಂಜೆಗೆ ಸುದ್ದಿ ನುಂಗಂಬಾಕ್ಕಂ ಮುಟ್ಟಿತ್ತು. ಮರುದಿನ ನಿರ್ದೇಶಕರು ಬಾಗಿಲು ಹಾಕಿಕೊಂಡು ನನ್ನನ್ನು ಕೂರಿಸಿದರು.

"ನೀನು ಸಹಿ ಹಾಕಿದ್ದೀ ತಾನೆ ಅಮ್ಮಾ? ಹೊರಗೆ ಏನೂ ಹೇಳಕೂಡದು ಅಂತ?"

"ಎಣ್ಣೆ ಹೇಗೆ ಮಾಡ್ತಾರೆ ಅಂತ ಹೇಳಲ್ಲ ಅಂತ ಹಾಕಿದೀನಿ ಸರ್. ಹಸು ಸಾಯೋದನ್ನ ನೋಡ್ಕೊಂಡು ಬಾಯಿ ಮುಚ್ಕೊಂಡಿರ್ತೀನಿ ಅಂತ ಹಾಕಿಲ್ಲ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಕಂಪನಿಯವರು ಕೋರ್ಟಿಗೆ ಹೋಗಬಹುದು, ಲ್ಯಾಬಿನಲ್ಲಿ ನಿನ್ನೊಬ್ಬಳದೇ ಅಲ್ಲ ಎಲ್ಲರ ಊಟವಿದೆ ಎಂದರು. ಸುಳ್ಳಲ್ಲ ಅದು. ಆದರೂ ನಾನು ತಪ್ಪಾಯಿತು ಎನ್ನಲಿಲ್ಲ.

ಕೆಲವು ದಿನದಲ್ಲೇ ನುಂಗಂಬಾಕ್ಕಂಗೆ ಕರೆ ಬಂತು. ನಾನು, ನಿರ್ದೇಶಕರು ಇಬ್ಬರೂ ಹೋದೆವು. ಕಂಪನಿಯ ಮುಖ್ಯಸ್ಥರು ಕೂಗಾಡುವ ಮನುಷ್ಯರಾಗಿರಲಿಲ್ಲ. ಟೀ ತರಿಸಿದರು, ಹಸು ಹೇಗಿದೆ ಎಂದು ವಿಚಾರಿಸಿದರು. ಅಷ್ಟರಲ್ಲಿ ಖಾನೆಯಿಂದ ಹೊರಬಂದಿದ್ದ ನನ್ನ ವರದಿ ಅವರ ಮುಂದಿತ್ತು. ಅವರ ತಾತ ಓಂಕಾಳಿನ ಎಣ್ಣೆ ಇಳಿಸಿ ಮಾರುತ್ತಿದ್ದರಂತೆ, ಅದರ ಮೇಲೆ ಅವರಿಗೆ ನಿಜವಾದ ನಂಬಿಕೆಯೇ ಇತ್ತು. ಅವರ ವಾದ ಇಷ್ಟು: ನಾವು ಕೇಳಿದ್ದು ಎಣ್ಣೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದು. ಕೊಲ್ಲುತ್ತದೆ ಎಂದು ನೀವೇ ತೋರಿಸಿದ್ದೀರಿ. ಕೇಳದ ಪ್ರಶ್ನೆಗೆ ಉತ್ತರ ಏಕೆ? ಕೊನೆಯ ಎರಡು ಪುಟ ತೆಗೆದು ವರದಿಗೆ ಸಹಿ ಹಾಕಿ.

ನಾನು ಆಗುವುದಿಲ್ಲ ಎಂದೆ. ಆಗ ನಿರ್ದೇಶಕರು ನನ್ನತ್ತ ವಾಲಿ, ಅಲ್ಲಿ ಬೇರಾರಿಗೂ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಹೇಳಿದರು.

"ಕಡೇ ಎರಡು ಪುಟ ತಾನೆ ಅಮ್ಮಾ. ಅದನ್ನ ಆಮೇಲೆ ಬೇರೆ ಪೇಪರಾಗಿ ಹಾಕ್ಕೋ, ನಾನೇ ಕೂಡ ನಿಂತು ಹಾಕಿಸ್ತೀನಿ. ಇಲ್ಲಿ ಬೇಡ. ಹಟ ಬೇಡಾಂ."

ಅವರು ಕೇಡು ಬಯಸಿ ಆ ಮಾತು ಆಡಲಿಲ್ಲ, ನನ್ನನ್ನು ಕಾಪಾಡುವ ದಾರಿ ಅದೆಂದುಕೊಂಡಿದ್ದರು. ಕನ್ನಡದಲ್ಲೇ ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮಿಬ್ಬರ ನಡುವಿನ ಆ ಭಾಷೆಯನ್ನು ಅಂಥ ಮಾತಿಗೆ ಬಳಸಿಕೊಂಡದ್ದು ನನಗೆ ಚುಚ್ಚಿತು. ನಾನು ಉತ್ತರವನ್ನು ತಮಿಳಿನಲ್ಲಿ ಕೊಟ್ಟೆ, ಎಲ್ಲರಿಗೂ ಕೇಳುವ ಹಾಗೆ. ಕೊನೆಯ ಎರಡು ಪುಟ ತೆಗೆಯಿರಿ ಎಂದು ನಮ್ಮ ನಿರ್ದೇಶಕರೂ ಹೇಳುತ್ತಿದ್ದಾರೆ. ನಾನು ತೆಗೆಯುವುದಿಲ್ಲ. ಈ ಎಣ್ಣೆ ಸಾರಿನಲ್ಲಿ ಕೊಲ್ಲುತ್ತದೆ, ಹಾಲಿನಲ್ಲಿ ಕೊಲ್ಲುವುದಿಲ್ಲ. ಹಸುವಿನ ಕೆಚ್ಚಲಿನಲ್ಲಿ ಸಾರು ಇರುವುದಿಲ್ಲ. ವರದಿ ಹೋದರೆ ಇಡಿಯಾಗಿ ಹೋಗಲಿ, ಇಲ್ಲವಾದರೆ ಅದರಲ್ಲಿ ನನ್ನ ಹೆಸರು ಬೇಡ. ನನ್ನ ಹೆಸರು ಹೇಳಿ ಇನ್ನೊಂದು ಟ್ಯೂಬು ಯಾವ ಕೊಟ್ಟಿಗೆಗಾದರೂ ಹೋದರೆ, ಆ ಕೊಟ್ಟಿಗೆಗೂ ನಾನು ಹೋಗಿ ಇದನ್ನೇ ಹೇಳುತ್ತೇನೆ.

ನನ್ನ ತಮಿಳು ವ್ಯಾಕರಣಬದ್ಧವೇನಲ್ಲ. ಆ ದಿನ ಅದರಲ್ಲಿ ಯಾವುದೂ ಅಸ್ಪಷ್ಟವಾಗಿರಲಿಲ್ಲ. ನಿರ್ದೇಶಕರ ಮುಖ ಕೆಂಪೇರಿತು. ಮುಖ್ಯಸ್ಥರು ಕಡತ ಮುಚ್ಚಿ, ನಮಗೆ ಬೇರೆ ಲ್ಯಾಬುಗಳೂ ಇವೆ ಎಂದರು.

ಒಪ್ಪಂದ ಮುರಿಯಿತು. ನನ್ನನ್ನು ಕೊಳವೆಬಾವಿ ನೀರಿನ ಪರೀಕ್ಷೆಗೆ ಹಾಕಿದರು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು. ಜೊತೆಯವರು ಊಟದ ಹೊತ್ತಿನಲ್ಲಿ ನನ್ನೆದುರು ಲವಲವಿಕೆಯಿಂದ ಬೇರೆ ವಿಷಯ ಮಾತಾಡುತ್ತಿದ್ದರು. ರಾಜೀನಾಮೆ ಕೊಡು ಎಂದು ಮನೆಯಲ್ಲಿ ಹೇಳಿದರು. ತಪ್ಪು ಮಾಡಿದವರು ಕೊಡಲಿ, ನಾನೇಕೆ ಕೊಡಲಿ ಎಂದೆ. ನೀರಿನ ಸ್ಯಾಂಪಲ್‌ಗಳನ್ನು ಯಾರೂ ಬೆರಳು ತೋರಿಸದ ಹಾಗೆ ಪರೀಕ್ಷಿಸಿದೆ.

ಸೆಲ್ವಿ ಬದುಕಿತು. ಆದರೆ ಕೆಚ್ಚಲಿನ ಆ ಒಂದು ಭಾಗದ ಹಾಲು ಶಾಶ್ವತವಾಗಿ ಬತ್ತಿತು. ನೋಡಲು ಹೋದಾಗ ಅಕ್ಕ ಕಾಫಿ ಕೊಟ್ಟರು, ಕೂರಲು ಹೇಳಿದರು. ಮುಂಚಿನ ಸಲಿಗೆ ಇರಲಿಲ್ಲ.

ಎಣ್ಣೆಯನ್ನು ನಾನು ಬಿಟ್ಟಿರಲಿಲ್ಲ. ಹಾಲಿನೊಳಗೆ ಸೋತರೇನಾಯಿತು, ಹಾಲಿನ ಹೊರಗೆ ಗೆಲ್ಲಬಹುದಲ್ಲ? ಬಾವು ಶುರುವಾಗುವುದು ಬ್ಯಾಕ್ಟೀರಿಯಾ ಮೊಲೆತೊಟ್ಟಿನ ಚರ್ಮದಿಂದ ರಂಧ್ರದೊಳಗೆ ಹೋಗಿ. ಹಾಲು ಕರೆದ ಕೂಡಲೇ ತೊಟ್ಟನ್ನು ಅಯೋಡಿನ್ ದ್ರವದಲ್ಲಿ ಅದ್ದುವ ಪದ್ಧತಿ ಇದೆ. ಆ ಜಾಗದಲ್ಲಿ ಎಣ್ಣೆಯ ದ್ರವ ಏಕಾಗಬಾರದು? ಚರ್ಮದ ಮೇಲೆ ಅದನ್ನು ಅಡಗಿಸಿಕೊಳ್ಳಲು ಬೆಣ್ಣೆ ಇಲ್ಲ. ಪಶುವೈದ್ಯರು ಒಪ್ಪಿದರು. ಚರ್ಮ ಉರಿಯದಷ್ಟು ತೆಳುವಾದ ದ್ರವ ಸಿದ್ಧಮಾಡಿ, ರಜೆಯ ದಿನಗಳಲ್ಲೂ, ಮಿಕ್ಕ ದಿನ ಕಚೇರಿಗೆ ಮೊದಲೂ ನಾವಿಬ್ಬರೂ ಕೊಟ್ಟಿಗೆಗಳಿಗೆ ಹೋಗತೊಡಗಿದೆವು. ಒಂದೇ ಹಸುವಿನ ಎಡಗಡೆಯ ಎರಡು ತೊಟ್ಟಿಗೆ ಎಣ್ಣೆ, ಬಲಗಡೆಯ ಎರಡಕ್ಕೆ ಅಯೋಡಿನ್. ಹಸು, ಮೇವು, ನೆಲ ಎಲ್ಲ ಒಂದೇ ಆದ್ದರಿಂದ ಹೋಲಿಕೆಗೆ ಮೋಸವಿಲ್ಲ.

ಅಕ್ಕನನ್ನು ಕೇಳಲು ನನಗೆ ಧೈರ್ಯ ಬರಲು ಸಮಯ ಹಿಡಿಯಿತು. ಕೇಳಿದಾಗ ಅವರು ನೇರವಾಗಿಯೇ ಬೇಡ ಎಂದರು. ನಿಮ್ಮ ಮೇಲೆ ಕೋಪವಿಲ್ಲ, ಆದರೆ ನನ್ನ ಕೊಟ್ಟಿಗೆಗೆ ಆ ವಾಸನೆ ಮತ್ತೆ ಬರಕೂಡದು ಎಂದರು. ಅವರ ಮಾತಿಗೆ ನಾನು ಎದುರಾಡಲಿಲ್ಲ. ಆ ಬೀದಿಯ ಬೇರೆ ಕೊಟ್ಟಿಗೆಗಳಲ್ಲಿ ಕೆಲಸ ನಡೆಯಿತು.

ತೊಟ್ಟನ್ನು ಚೆನ್ನಾಗಿ ತೊಳೆದ ಕಡೆ ಎಣ್ಣೆ ಅಯೋಡಿನ್‌ಗೆ ಸರಿಸಮ ನಿಂತಿತು. ಮಳೆಗಾಲದಲ್ಲಿ ಕೊಟ್ಟಿಗೆ ಕೆಸರಾದಾಗ, ಸಗಣಿ ಮೆತ್ತಿದ ತೊಟ್ಟಿನ ಮೇಲೆ ಹಿಂದೆ ಬಿತ್ತು. ಎರಡನ್ನೂ ಬರೆದೆ. ಹಾಲಿನ ಪರೀಕ್ಷೆಯ ಆ ಎರಡು ಪುಟಗಳನ್ನೂ ಜೊತೆಗಿಟ್ಟು ಒಂದು ಪ್ರಬಂಧ ಮಾಡಿದೆ. ಪ್ರಕಟಿಸಲು ಲ್ಯಾಬಿನ ಒಪ್ಪಿಗೆ ಬೇಕಿತ್ತು. ನಿರ್ದೇಶಕರ ಮೇಜಿನ ಮೇಲಿಟ್ಟು ಬಂದೆ, ಅದು ಮತ್ತೆ ಖಾನೆ ಸೇರುವುದೆಂದೇ ಎಣಿಸಿ.

ಅಷ್ಟರಲ್ಲಿ ಆ ಟ್ಯೂಬು ಬೇರೆ ಯಾರದೋ ವರದಿ ಹಿಡಿದು ಬೇರೆ ಜಿಲ್ಲೆಗಳ ಅಂಗಡಿಗೆ ಬಂದಿತ್ತು. ವರದಿಯಲ್ಲಿ ತಿಳಿ ವೃತ್ತದ ಫೋಟೋ ಮಾತ್ರ, ಹಾಲಿನ ಸುದ್ದಿಯೇ ಇಲ್ಲ. ಅಲ್ಲಿನ ಪಶುವೈದ್ಯರು ಇದು ನಿಜವೇ ಎಂದು ವಿಚಾರಿಸುತ್ತ ನಮ್ಮ ಲ್ಯಾಬಿಗೆ ಫೋನ್ ಮಾಡತೊಡಗಿದರು. ಆ ಕರೆಗಳನ್ನು ತೆಗೆದುಕೊಂಡವರು ನಿರ್ದೇಶಕರು. ಒಂದು ಮಧ್ಯಾಹ್ನ ಅವರು ನೀರಿನ ವಿಭಾಗಕ್ಕೆ ತಾವೇ ಬಂದು, ನನ್ನ ಪ್ರಬಂಧವನ್ನು ಬೆಂಚಿನ ಮೇಲಿಟ್ಟರು. ಒಪ್ಪಿಗೆಯ ಸಹಿ ಆಗಿತ್ತು. ಕ್ಷಮೆ ಗಿಮೆ ಎಂದು ಏನೂ ಹೇಳಲಿಲ್ಲ, ನಾನೂ ನಿರೀಕ್ಷಿಸಲಿಲ್ಲ. ನಾಳೆಯಿಂದ ನಿನ್ನ ಹಳೇ ಬೆಂಚಿಗೆ ಬಾ ಎಂದಷ್ಟೇ ಹೇಳಿ ಹೋದರು. ಪ್ರಬಂಧ ಪ್ರಕಟವಾಯಿತು. ಟ್ಯೂಬಿನ ಬಗ್ಗೆ ಔಷಧ ನಿಯಂತ್ರಣದವರಿಗೆ ಪ್ರಬಂಧದ ಪ್ರತಿಯೊಂದಿಗೆ ದೂರು ಕಳಿಸಿದ್ದೇನೆ. ಅದು ಇನ್ನೂ ಅಂಗಡಿಗಳಲ್ಲಿದೆ. ನಾನೂ ದೂರು ಕಳಿಸುವುದನ್ನು ಬಿಟ್ಟಿಲ್ಲ.

ಮೊನ್ನೆ ಇನ್ನೊಂದು ಕಂಪನಿಯವರು ವೀಳ್ಯದೆಲೆಯ ಎಣ್ಣೆ ಹಿಡಿದುಕೊಂಡು ಬಂದಿದ್ದರು. ಅದನ್ನೂ ಕೆಚ್ಚಲೊಳಗೇ ಬಿಡಬೇಕಂತೆ. ನಾನು ಹಾಲಿನ ಪರೀಕ್ಷೆಯಿಂದಲೇ ಶುರುಮಾಡೋಣ, ಅದರಲ್ಲಿ ಗೆದ್ದರೆ ಮಿಕ್ಕದ್ದು ಎಂದೆ. ಅವರು ಯೋಚಿಸಿ ಹೇಳುತ್ತೇವೆಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಿರ್ದೇಶಕರು ಬಾಗಿಲಲ್ಲಿ ನಿಂತು ಅವರ ಕಾರು ಗೇಟು ದಾಟುವುದನ್ನು ನೋಡಿದರು.

"ಇವನೂ ಓಡಿಹೋದ ನೋಡಮ್ಮಾ."

"ಓಡ್ಲಿ ಸರ್" ಎಂದೆ. ಬೆಳಿಗ್ಗೆ ಬಂದ ಹಾಲಿನ ಕೊಳವೆಗಳು ಬೆಂಚಿನ ಮೇಲಿದ್ದವು. ಕೈಗವಸು ಹಾಕಿಕೊಂಡು ಮೊದಲನೆಯದರ ಮುಚ್ಚಳ ತೆಗೆದೆ.